ಕಪಿಲೆ ಹೊಲಿದವರ ಹೆಸರು

ಕೊಟ್ಟಿಗೆಯ ಅಟ್ಟದಿಂದ ಕೆಳಗಿಳಿಸಿದ ವಸ್ತು ಏನೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅದನ್ನು ಮಾಡಿದವರು ಯಾರೆಂದು ತಿಳಿಯಲು ಮಾತ್ರ ಮನೆಯ ಯಜಮಾನರು ಕಾಫಿ ಕುಡಿದು ಮುಗಿಸುವವರೆಗೆ ಕಾಯಬೇಕಾಯಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳೇಬೀಡಿನಲ್ಲಿ ಒಂದು ಟ್ರಸ್ಟಿನವರು ಬೇಸಾಯದ ಬದುಕನ್ನು ತೋರಿಸುವ ಸಂಗ್ರಹಾಲಯ ಮಾಡಲು ಹೊರಟಿದ್ದರು. ನಾನು ಅಲ್ಲಿ ಸಂಗ್ರಹ ಸಹಾಯಕಿ. ಹೆಸರು ಭಾರಿಯಾಗಿತ್ತು, ಕೆಲಸವೆಂದರೆ ಅರಸೀಕೆರೆ, ಬೇಲೂರು ಸೀಮೆಯ ಊರುಗಳಲ್ಲಿ ಅಲೆದು, ಜನ ಮಳೆಗೆ ನೆನೆಯಲು ಬಿಟ್ಟಿದ್ದ ಕೂರಿಗೆ, ಕುಂಟೆ, ಕೊಳಗಗಳನ್ನು ಬೇಡಿ ತರುವುದು, ಗೆದ್ದಲು ಕೊಡವಿ ಬಿಸಿಲಿಗಿಡುವುದು, ಲೇಬಲ್ಲು ಬರೆಯುವುದು. ಬೇಡುವುದರಲ್ಲಿ ನನಗೆ ಸಂಕೋಚವಿರಲಿಲ್ಲ. ನಮ್ಮ ನಿರ್ದೇಶಕರು ನಿವೃತ್ತ ಇತಿಹಾಸದ ಮೇಷ್ಟ್ರು, ಮೆತ್ತಗಿನ ಮನುಷ್ಯ. ಅವರ ಆಸೆ ಒಂದೇ: ದೇವಸ್ಥಾನದ ಮುಂದೆ ಬಸ್ಸಿಳಿಯುವ ಪ್ರವಾಸಿಗರಲ್ಲಿ ಒಂದಷ್ಟು ಜನ ನಮ್ಮ ಬೀದಿಗೂ ಬಂದು, ಶಿಲ್ಪ ಕೆತ್ತಿದವರಿಗೆ ರಾಗಿ ಬೆಳೆದು ಕೊಟ್ಟವರು ಯಾರೆಂದು ಕೇಳಬೇಕು.

ಟ್ರಸ್ಟು ಕೊಂಡಿದ್ದ ಹಳೆಯ ಮನೆಯ ಹಿತ್ತಲಿನಲ್ಲಿ ಕಲ್ಲು ಕಟ್ಟಿದ ಬಾವಿಯಿತ್ತು. ಅದರ ದಡದಲ್ಲಿ, ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಎರಡು ಕಲ್ಲುಕಂಬ, ಎತ್ತು ಇಳಿಯುವ ಇಳಿಜಾರು ಎರಡೂ ಹಾಗೇ ಉಳಿದಿದ್ದವು. ಕಪಿಲೆಯ ಉಳಿದ ಭಾಗ ಸಿಕ್ಕಿಬಿಟ್ಟರೆ ನೀರೆತ್ತಿ ತೋರಿಸಬಹುದು, ಅದೇ ನಮ್ಮ ಸಂಗ್ರಹಾಲಯದ ಮುಖ್ಯ ಪ್ರದರ್ಶನವಾಗುತ್ತದೆ ಎಂದು ನಿರ್ದೇಶಕರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಹೇಳಿದ ಮೇಲೆ ಹುಡುಕುವ ಪಾಡು ನನ್ನದು.

ಕೊನೆಗೆ ಸಿಕ್ಕಿದ್ದು ಜಾವಗಲ್ ದಾರಿಯ ಒಂದು ಊರಿನ ದೊಡ್ಡ ಗೌಡರ ಮನೆಯಲ್ಲಿ. ವಯಸ್ಸಾದವರು, ಮಂಡಿ ನೋವಿನವರು, ಗಟ್ಟಿ ದನಿಯವರು. ನೀರು ತುಂಬಿಕೊಳ್ಳುವ ತಗಡಿನ ಬಾನೆ, ಮರದ ಗಾಲಿ, ಹಗ್ಗ ಎಲ್ಲ ಇತ್ತು. ಬಾನೆಯ ತಳಕ್ಕೆ ಕಟ್ಟುವ ಚರ್ಮದ ಸೊಂಡಿಲು ಮಾತ್ರ ಹಪ್ಪಳದಂತೆ ಒಣಗಿ ಮಡಿಕೆಯಲ್ಲಿ ಬಿರಿದಿತ್ತು. ಕಪಿಲೆಯ ಜೀವ ಇರುವುದೇ ಆ ಸೊಂಡಿಲಿನಲ್ಲಿ. ಬಾನೆ ಬಾವಿಯಿಂದ ಮೇಲೇರುವಾಗ ಸೊಂಡಿಲು ಮೇಲಕ್ಕೆ ಮಡಿಸಿಕೊಂಡು ನೀರನ್ನು ಹಿಡಿದಿಟ್ಟಿರುತ್ತದೆ. ದಡಕ್ಕೆ ಬಂದಾಗ ಸಣ್ಣ ಹಗ್ಗ ಅದರ ಬಾಯನ್ನು ತೊಟ್ಟಿಯ ಕಡೆ ಎಳೆದು, ನೀರನ್ನು ಒಂದೇ ಸಲಕ್ಕೆ ಸುರಿಸುತ್ತದೆ.

ನಾನು ಹೊಲಿಗೆಯನ್ನು ನೋಡುತ್ತಿದ್ದೆ. ಗೌಡರು ಲೋಟ ಕೆಳಗಿಟ್ಟು ಹೇಳಿದರು:

“ಇದನ್ನ ಹೊಲ್ದಿದ್ದು ಕಣಕಟ್ಟೆ ಕಡೆ ಕರಿಯ ಅಂತ. ನಮ್ಮನೆಯೋಳ ತೌರು ಆ ಕಡೇದು, ಅವ್ರೇ ಕಳಿಸ್ಕೊಟ್ಟಿದ್ರು. ಏನ್ ಕೈ ಕಣವ್ವ ಅವಂದು! ಅವ್ನು ಹೊಲ್ದ್ರೆ ಒಂದು ತೊಟ್ಟು ನೀರು ಸೋರ್ತಿರಲಿಲ್ಲ.”

ಕಣಕಟ್ಟೆ ಕಡೆಯ ಕರಿಯಯ್ಯ ನನ್ನ ಅಜ್ಜ.

ಹೊಗಳಿಕೆ ಕೇಳಿ ಹಿಗ್ಗಿದ್ದೂ ನಿಜ, ಅಜ್ಜನ ಹೆಸರನ್ನು ಅರ್ಧಕ್ಕೇ ಕತ್ತರಿಸಿ ಕರೆದದ್ದಕ್ಕೆ ಮೈ ಉರಿದದ್ದೂ ನಿಜ. ಎರಡೂ ಒಟ್ಟಿಗೆ ಆದಾಗ ಮನುಷ್ಯ ಸುಮ್ಮನೆ ಕೂರುತ್ತಾನೆ. ಸಾಮಾನನ್ನೆಲ್ಲ ಟೆಂಪೋಗೆ ಹೇರಿಸಿ, ಗೌಡರಿಗೆ ಕೈಮುಗಿದು, ಸೊಂಡಿಲನ್ನು ಮಾತ್ರ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಳೇಬೀಡಿಗೆ ಬಂದೆ.

ಮೊದಲ ವಾಗ್ವಾದ ಆ ಸೊಂಡಿಲಿನದೇ. ಬಿರಿದ ಕಡೆ ತೇಪೆ ಹಾಕಿಸಿ ಅದನ್ನೇ ಬಳಸೋಣ ಎಂದರು ನಿರ್ದೇಶಕರು. ನಾನು ಒಪ್ಪಲಿಲ್ಲ. ಹೊಸ ತೂತು ಕೊರೆದರೆ ಹಳೆಯ ಹೊಲಿಗೆ ಹೋಯಿತೆಂದೇ ಲೆಕ್ಕ, ಆಮೇಲೆ ಉಳಿಯುವುದು ಅಜ್ಜನ ಕೆಲಸವೂ ಅಲ್ಲ, ಹೊಸ ಕೆಲಸವೂ ಅಲ್ಲ. ಅಜ್ಜನೆಂದು ಅವರಿಗೆ ಹೇಳಲಿಲ್ಲ, “ಮೂಲ ವಸ್ತು” ಎಂದೆ. ತರಬೇತಿಯಲ್ಲಿ ಕಲಿತ ಮಾತುಗಳು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತವೆ. ಒಣ ಬ್ರಷ್‌ನಿಂದ ಬೂಷ್ಟು ತೆಗೆದು, ಕುಸಿಯದಂತೆ ಒಳಗೆ ಹತ್ತಿಬಟ್ಟೆಯ ಸುರುಳಿ ತುಂಬಿ, ಬಿಸಿಲು ಬೀಳದ ಕಪಾಟಿನಲ್ಲಿಟ್ಟೆ. ನೀರೆತ್ತಿ ತೋರಿಸಲು ಹೊಸ ಸೊಂಡಿಲು ಹೊಲಿಸುವುದೆಂದು ತೀರ್ಮಾನವಾಯಿತು.

ಹೊಲಿಯುವವರು ಯಾರು? ಆ ಕೆಲಸ ಗೊತ್ತಿದ್ದವರಲ್ಲಿ ನನಗೆ ತಿಳಿದಂತೆ ಬದುಕಿದ್ದವರು ಒಬ್ಬರೇ, ನಮ್ಮಪ್ಪ.

ಅಪ್ಪ ಹರೆಯದವರೆಗೂ ಅಜ್ಜನ ಜೊತೆ ಚರ್ಮ ಹೊಲಿದವರು. ಆಮೇಲೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆದರು. ಮದುವೆಯಾದರು, ದೀಕ್ಷೆ ತೆಗೆದುಕೊಂಡು ಬೌದ್ಧರಾದರು, ಮಕ್ಕಳನ್ನು ಓದಿಸಿದರು, ನಿವೃತ್ತರಾದರು. ನಮ್ಮ ಮನೆಯ ನಡುಮನೆಯಲ್ಲಿ ಬುದ್ಧನ ಪಟವಿತ್ತು, ಅದರ ಪಕ್ಕ ಇಲಾಖೆಯವರು ಕೊಟ್ಟ ಗೋಡೆ ಗಡಿಯಾರವಿತ್ತು. ಚರ್ಮದ ಮಾತು ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಕಾಲಿಗೆ ಕೂಡ ಅಪ್ಪ ರಬ್ಬರಿನ ಚಪ್ಪಲಿಯನ್ನೇ ಹಾಕುತ್ತಿದ್ದರು.

ಭಾನುವಾರ ಊರಿಗೆ ಹೋಗಿ, ಊಟವಾದ ಮೇಲೆ ವಿಷಯ ತೆಗೆದೆ. ಅಪ್ಪ ಮೊದಲು ನಕ್ಕುಬಿಟ್ಟರು.

“ಕಪಿಲೆ ಸಾಯ್ಸಿದ್ದೇ ನಾನು ಕಣವ್ವ. ನಾನು ತಂತಿ ಎಳ್ದೆ, ಪಂಪ್‌ಸೆಟ್ ಬಂತು, ಕಪಿಲೆ ಹೋಯ್ತು. ಈಗ ನೀನು ಅದನ್ನ ಎಬ್ಬಿಸ್ತೀನಿ ಅಂತ ಹೊಂಟಿದೀಯ.”

“ಎಬ್ಬಿಸೋದಲ್ಲಪ್ಪ, ತೋರಿಸೋದು. ಅಜ್ಜ ಹೊಲಿದ ಸೊಂಡಿಲು ಸಿಕ್ಕಿದೆ. ಅಜ್ಜನ ಹೆಸರು ಹಾಕಿಸ್ತೀನಿ.”

ಅವರ ನಗು ನಿಂತಿತು.

“ಆ ಕೆಲ್ಸ ಬಿಟ್ಟು ಬರಕ್ಕೆ ಎಷ್ಟು ಪಾಡು ಪಟ್ಟಿದೀನಿ ಗೊತ್ತಾ ನಿಂಗೆ? ಜನ ಈಗೀಗ ಮರೀತಾ ಅವ್ರೆ. ನೀನು ಅದನ್ನ ಗಾಜಿನ ಪೆಟ್ಟಿಗೇಲಿಟ್ಟು, ಹೆಸ್ರು ಬರ್ದು, ಬಂದೋರಿಗೆಲ್ಲ ತೋರಿಸ್ತೀಯ? ಬ್ಯಾಡ.”

ಅಮ್ಮ ಒಳಗಿಂದ ಎಲೆಯಡಿಕೆ ತಂದಿಟ್ಟರು. ಅಡಿಕೆ ಅಗಿಯುತ್ತಾ ಅಪ್ಪ, ನಾನು ಅದುವರೆಗೆ ಕೇಳದಿದ್ದ ಒಂದು ಸಂಗತಿ ಹೇಳಿದರು.

ಸೊಂಡಿಲು ಹೊಲಿಯಲು ಅಜ್ಜನನ್ನು ತೋಟಕ್ಕೆ ಕರೆಸುತ್ತಿದ್ದರು. ಆದರೆ ಬಾವಿಕಟ್ಟೆಯನ್ನು ಹತ್ತುವಂತಿರಲಿಲ್ಲ. ದೂರದಲ್ಲಿ ಹೊಂಗೆ ಮರದ ಕೆಳಗೆ ಕೂತು ಹೊಲಿಯಬೇಕು. ಹೊಲಿದದ್ದನ್ನು ಆಳು ಬಂದು ಒಯ್ದು ಬಾನೆಗೆ ಕಟ್ಟುತ್ತಿದ್ದ. ಎತ್ತು ಎಳೆದು ನೀರು ಮೇಲೆ ಬರುವಾಗ ಅಜ್ಜ ಮರದ ಕೆಳಗೇ ಎದ್ದು ನಿಂತು ಕೂಗುತ್ತಿದ್ದರು: “ಸೋರ್ತೈತಾ ಬುದ್ದಿ?” ಬಾವಿಕಟ್ಟೆಯಿಂದ ಉತ್ತರ ಬರುತ್ತಿತ್ತು. ಸೋರುತ್ತದೆ ಎಂದರೆ ಬಿಚ್ಚಿ ತರುತ್ತಿದ್ದರು, ಅಜ್ಜ ಎಲ್ಲಿ ಸೋರಿತೆಂದು ಊಹೆಯ ಮೇಲೆ ಮತ್ತೆ ಹೊಲಿಯುತ್ತಿದ್ದರು.

“ನಮ್ಮಪ್ಪ ಹೊಲ್ದಿದ್ದು ಬಾವಿ ಒಳಕ್ಕೆ ಇಳೀತಿತ್ತು, ಅಪ್ಪ ಕಟ್ಟೆ ಹತ್ತಂಗಿರಲಿಲ್ಲ. ತಾನು ಹೊಲ್ದಿದ್ರಿಂದ ನೀರು ಹೆಂಗೆ ಬೀಳ್ತದೆ ಅಂತ ಹತ್ರದಲ್ಲಿ ಒಂದಿನಾನೂ ನೋಡ್ಲಿಲ್ಲ. ಸೋರ್ದಂಗೆ ಹೊಲಿಯೋದು ಯಾಕೆ ಕಲ್ತ ಗೊತ್ತಾ? ಕೂಗಿ ಕೇಳೋದು ತಪ್ಲಿ ಅಂತ.”

ಆಮೇಲೆ ಎದ್ದು ಹೋಗಿ ಕೈಕಾಲು ತೊಳೆದು ಮಲಗಿಬಿಟ್ಟರು. ಅವತ್ತು ಸಂಜೆ ಅರಸೀಕೆರೆಯ ಬಸ್ಸಿನಲ್ಲಿ ಕೂತು ಬರುವಾಗ ನನಗೆ ಅಳು ಬಂತು. ಪಕ್ಕದ ಹೆಂಗಸು ನಾನು ಗಂಡನ ಮನೆಗೆ ಹೋಗುತ್ತಿದ್ದೇನೆಂದುಕೊಂಡು ಸಮಾಧಾನ ಮಾಡಿದಳು.

ಅಪ್ಪ ಒಲ್ಲೆ ಎಂದ ಮೇಲೆ ನಿರ್ದೇಶಕರ ಒತ್ತಾಯಕ್ಕೆ ರೆಕ್ಸಿನ್ ಪ್ರಯೋಗ ಮಾಡಿದೆವು. ಅರಸೀಕೆರೆಯಲ್ಲಿ ಆಟೋ ಸೀಟು ಹೊಲಿಯುವವರೊಬ್ಬರು ಕಂದು ಬಣ್ಣದ ಸೊಂಡಿಲೊಂದನ್ನು ಹೊಲಿದುಕೊಟ್ಟರು. ನೋಡಲು ಚೆನ್ನಾಗಿತ್ತು. ಬಸ್ತಿಹಳ್ಳಿಯ ರೈತರೊಬ್ಬರು ತಮ್ಮ ಜೋಡಿ ಎತ್ತು ಹೊಡೆದುಕೊಂಡು ಬಂದರು. ಬಾನೆ ನೀರಿನಿಂದ ಮೇಲೆದ್ದು ಅರ್ಧ ಬಾವಿ ಬರುವಷ್ಟರಲ್ಲಿ ರೆಕ್ಸಿನ್ ಪರ್ರೆಂದು ಹರಿದು ನೀರೆಲ್ಲ ವಾಪಸ್ಸು ಬಾವಿಗೆ ಹೋಯಿತು. ಭಾರ ತಪ್ಪಿದ ಎತ್ತುಗಳು ಮುಂದಕ್ಕೆ ಮುಗ್ಗರಿಸಿದವು. ಅದೂ ಸಾಲದೆಂದು ಇನ್ನೊಂದು ತೊಡಕು: ಬಾನೆ ಮತ್ತೆ ಬಾವಿಗಿಳಿಯಲು ಕಪಿಲೆಯ ಎತ್ತು ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ನಡೆದು ಮೇಲೆ ಬರಬೇಕು. ಗಾಡಿ ಎಳೆದು ಅಭ್ಯಾಸವಾದ ಈ ಜೋಡಿ ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ರೈತರು ಬೆವರು ಒರೆಸಿಕೊಂಡು, “ಇವುಕ್ಕೆ ರಿವರ್ಸ್ ಗೇರಿಲ್ಲ ಮೇಡಂ,” ಎಂದರು. ನಿರ್ದೇಶಕರನ್ನು ಬಿಟ್ಟು ಎಲ್ಲರೂ ನಕ್ಕೆವು.

ಮುಂದಿನ ಭಾನುವಾರ ಇದನ್ನು ಅಮ್ಮನಿಗೆ ಹೇಳುತ್ತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು: “ಎಲ್ಲಿ ಹರೀತು? ಬಾಯತ್ರಾನಾ, ಬಾನೆ ಬುಡದತ್ರಾನಾ?”

“ಬುಡದ ಹತ್ತಿರ.”

“ಹರೀದೆ ಇನ್ನೇನು. ಭಾರ ಎಲ್ಲ ಅಲ್ಲೇ ಅಲ್ವಾ ಬೀಳೋದು,” ಎಂದು ಪೇಪರು ಮಗುಚಿದರು. ನಾನು ಬೇಕೆಂದೇ ಇನ್ನೇನೂ ಕೇಳಲಿಲ್ಲ.

ಈ ನಡುವೆ ಲೇಬಲ್ಲು ಬರೆಯುವ ಸಮಯ ಬಂತು. ನಮ್ಮ ಲೇಬಲ್ಲಿನ ಪದ್ಧತಿ ಸರಳ: ವಸ್ತುವಿನ ಹೆಸರು, ಬಳಕೆ, ಊರು, ಕೊಟ್ಟವರು. ಬೇರೆ ಸಂಗ್ರಹಾಲಯಗಳಲ್ಲೂ ನಾನು ಕಂಡದ್ದು ಅದನ್ನೇ. ಅದರ ಪ್ರಕಾರ ಕಪಿಲೆಯ ಮೇಲೆ ಬರಬೇಕಾದದ್ದು ಗೌಡರ ಹೆಸರೊಂದೇ. ನಾನು ಕರಡು ಬರೆಯುವಾಗ “ಹೊಲಿದವರು” ಎಂದು ಒಂದು ಸಾಲು ಸೇರಿಸಿ ನಿರ್ದೇಶಕರ ಮೇಜಿನ ಮೇಲಿಟ್ಟೆ. ಅಪ್ಪ ಬೇಡವೆಂದಿದ್ದರು, ಅದು ನನಗೆ ನೆನಪಿತ್ತು. ಅವರ ಭಯ ನನಗೆ ಅರ್ಥವಾಗಿತ್ತು. ಆದರೆ ಹೆಸರಿಲ್ಲದೆ ಆ ಸೊಂಡಿಲನ್ನು ಗೋಡೆಗೆ ಹಾಕಿದರೆ ಅಜ್ಜನನ್ನು ಮತ್ತೊಮ್ಮೆ ಹೊಂಗೆ ಮರದ ಕೆಳಗೇ ನಿಲ್ಲಿಸಿದಂತೆ ನನಗೆ ಕಾಣುತ್ತಿತ್ತು.

ನಿರ್ದೇಶಕರು ಕನ್ನಡಕ ತೆಗೆದರು. “ಗೌಡರು ಒಪ್ತಾರೇನ್ರೀ? ಅವರು ಬೇಜಾರಾಗಿ ಕಪಿಲೆ ವಾಪಸ್ ಕೇಳಿದರೆ? ಅವರನ್ನ ನೋಡಿ ಬೇರೆಯವರೂ ಕೇಳಿದರೆ? ಅರ್ಧ ಸಂಗ್ರಹ ಖಾಲಿಯಾಗುತ್ತೆ.”

“ಒಂದು ಸಾಲು ಜಾಸ್ತಿ, ಅಷ್ಟೇ ಅಲ್ವಾ ಸರ್?”

“ಅಷ್ಟೇ ಆಗಿದ್ದರೆ ನೀವು ಇಷ್ಟು ಹಟ ಮಾಡ್ತಿರಲಿಲ್ಲ,” ಎಂದರು ಅವರು. ಮೆತ್ತಗಿದ್ದರೂ ದಡ್ಡರಲ್ಲ.

ಆಗ ನಾನು ಹೇಳಿಬಿಟ್ಟೆ. ಕರಿಯಯ್ಯ ನನ್ನ ಅಜ್ಜ ಎಂದೆ, ಹೊಂಗೆ ಮರದ ಕಥೆ ಹೇಳಿದೆ. ಕಿಟಕಿಯಾಚೆ ದೇವಸ್ಥಾನದ ಕಡೆಗೆ ಕೈ ತೋರಿಸಿ, “ಅಲ್ಲಿ ಕಲ್ಲು ಕೆತ್ತಿದವರು ಬೊಂಬೆಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ ಸರ್. ಗೈಡುಗಳು ಬೆರಳಿಟ್ಟು ತೋರಿಸ್ತಾರೆ, ಜನ ಬೆರಗಾಗಿ ನೋಡ್ತಾರೆ. ಆ ಹೆಸರು ಇರೋದರಿಂದ ಕಟ್ಟಿಸಿದ ರಾಜನಿಗೆ ಏನು ಕಡಿಮೆಯಾಗಿದೆ? ಇತಿಹಾಸದ ಮೇಷ್ಟ್ರು ನೀವು, ನಿಮಗೆ ನಾನು ಹೇಳಬೇಕೇ?” ಎಂದೆ. ದನಿ ಸ್ವಲ್ಪ ಏರಿತ್ತು. ಹೆಸರು ಹಾಕುವುದಿಲ್ಲವಾದರೆ ಆ ಲೇಬಲ್ಲನ್ನು ಬೇರೆಯವರಿಂದ ಬರೆಸಿ ಎಂದೂ ಹೇಳಿದೆ.

ನಿರ್ದೇಶಕರು ಕನ್ನಡಕ ಮತ್ತೆ ಹಾಕಿಕೊಂಡು ಕರಡನ್ನು ಇನ್ನೊಮ್ಮೆ ಓದಿದರು. “ಗೌಡರಿಗೆ ತಿಳಿಸದೆ ಹಾಕೋದು ಬೇಡ. ಹೋಗಿ ನೇರವಾಗಿ ಹೇಳೋಣ. ಅವರು ಕಪಿಲೆ ವಾಪಸ್ ಕೇಳಿದರೆ ಕೊಟ್ಟುಬಿಡೋಣ,” ಎಂದರು. ಆ ಮಾತಿಗೆ ಅವರಿಗೆ ಎಷ್ಟು ಧೈರ್ಯ ಬೇಕಾಯಿತೆಂದು ನನಗೆ ಗೊತ್ತು. ನೀರೆತ್ತುವ ಕಪಿಲೆ ಇದೆಯೆಂದು ಊರೆಲ್ಲ ಸಾರಿದವರು ಅವರೇ.

ಗೌಡರ ಜಗಲಿಯಲ್ಲಿ ಮತ್ತೆ ಕಾಫಿ ಬಂತು. ನಿರ್ದೇಶಕರು ಮಳೆ ಬೆಳೆ ವಿಚಾರಿಸುತ್ತಾ ಹೊತ್ತು ಕಳೆಯುತ್ತಿದ್ದುದನ್ನು ನೋಡಿ ನಾನೇ ಬಾಯಿಬಿಟ್ಟೆ.

“ಗೌಡ್ರೇ, ಕಪಿಲೆ ಹತ್ತಿರ ನಿಮ್ಮ ಹೆಸರಿನ ಜೊತೆ ಅದನ್ನ ಹೊಲಿದ ಕರಿಯಯ್ಯನವರ ಹೆಸರೂ ಹಾಕಬೇಕು ಅಂತಿದೀವಿ. ಅವರು ನಮ್ಮಜ್ಜ.”

ಗೌಡರ ಕಣ್ಣು ಒಮ್ಮೆ ನನ್ನ ಕೈಯಲ್ಲಿದ್ದ ಲೋಟದ ಮೇಲೆ ಹೋಯಿತು. ನಾನೂ ಲೋಟವನ್ನು ನೋಡಿದೆ. ಅದು ಖಾಲಿಯಾಗಿತ್ತು, ಇನ್ನು ಯಾರೂ ಏನೂ ಮಾಡುವಂತಿರಲಿಲ್ಲ.

“ಕರಿಯನ ಮೊಮ್ಮಗಳಾ ನೀನು?” ಎಂದರು. ಆಮೇಲೆ ದನಿ ಏರಿಸಿದರು. “ಬಾವಿ ನಮ್ದು, ಎತ್ತು ನಮ್ದು, ದುಡ್ಡು ನಮ್ದು. ಚರ್ಮ ಹೊಲ್ದೋನ ಹೆಸ್ರು ಗೋಡೆ ಮ್ಯಾಲಾ? ಹಂಗಾದ್ರೆ ಗಾಲಿ ಮಾಡ್ದ ಆಚಾರಿ ಹೆಸ್ರೂ ಹಾಕ್ರಿ. ತಗಡು ಬಡ್ದ ಸಾಬ್ರು ಹೆಸ್ರೂ ಹಾಕ್ರಿ. ಹಗ್ಗ ಹೊಸ್ದೋನ್ದು, ಎತ್ತು ಹೊಡ್ದೋನ್ದು, ಯಾಕೆ ಬಿಡ್ತೀರಾ? ಎಲ್ರುದ್ದೂ ಹಾಕ್ಬುಡಿ!”

ನನಗೆ ಎದ್ದು ಬರಬೇಕೆನ್ನಿಸಿತು. ಅಷ್ಟರಲ್ಲಿ ನಿರ್ದೇಶಕರು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅತ್ಯಂತ ವಿನಯದಿಂದ ಕೇಳಿದರು:

“ಒಳ್ಳೆ ಮಾತು ಗೌಡ್ರೇ. ಹೇಳಿ, ಗಾಲಿ ಮಾಡಿದ ಆಚಾರರ ಹೆಸರೇನು?”

ಗೌಡರು ತಬ್ಬಿಬ್ಬಾದರು. ಅಣಕಿಸಲು ಆಡಿದ ಮಾತನ್ನು ಎದುರಿನವರು ಸಲಹೆಯೆಂದು ಸ್ವೀಕರಿಸಿದರೆ ಯಾರಾದರೂ ಏನು ಮಾಡಬೇಕು? ಸಿಟ್ಟನ್ನು ಮುಂದುವರಿಸಬಹುದಿತ್ತು. ಆದರೆ ಅವರ ನೆನಪು ಅವರ ಸಿಟ್ಟಿಗಿಂತ ಗಟ್ಟಿಯಾಗಿತ್ತು. ಆಚಾರಿಯ ಹೆಸರು ಹೇಳಿದರು. ಆ ಗಾಲಿಗೆ ಯಾವ ಜಾಲಿ ಮರ ಕಡಿದದ್ದೆಂದು ಹೇಳಿದರು. ತಗಡು ಬಡಿದ ಸಾಬರು ಹಬ್ಬದಲ್ಲಿ ಸಿಹಿ ಕಳಿಸುತ್ತಿದ್ದುದನ್ನು ಹೇಳಿದರು. ಎತ್ತು ಹೊಡೆಯುತ್ತಿದ್ದವನ ಹಾಡನ್ನು ನೆನೆದು ಗುನುಗಿದರು, ಅವನ ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಹಣೆ ಚಚ್ಚಿಕೊಂಡರು. “ಏನ್ ಮಾರಾಯ್ರೆ, ದಿನಾ ಬೆಳಿಗ್ಗೆ ಅವನ ಹಾಡಿಗೇ ಏಳ್ತಿದ್ದೆ. ಹೆಸ್ರು ಹೋಗ್ಬುಡ್ತಲ್ಲ!” ಎಂದು ನಿಜವಾಗಿ ನೊಂದುಕೊಂಡರು. ಕೊನೆಗೆ ಒಳಗಿನಿಂದ ಅವರ ಹೆಂಡತಿ ಕೂಗಿ ಹೇಳಿದರು. ಆ ಹೆಸರು ಕೇಳಿ ಗೌಡರ ಮುಖ ಎಷ್ಟು ಅರಳಿತೆಂದರೆ, ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಇಟ್ಟುಕೊಂಡೆ.

ಹೊರಡುವಾಗ ಗೌಡರು ಒಪ್ಪಿದೆ ಎನ್ನಲಿಲ್ಲ, ಕಪಿಲೆ ವಾಪಸ್ಸು ಕೊಡಿ ಎಂದೂ ಕೇಳಲಿಲ್ಲ. “ನೀರೆತ್ತೋ ದಿನ ಹೇಳಿ ಕಳ್ಸಿ, ಬತ್ತೀನಿ,” ಎಂದಷ್ಟೇ ಹೇಳಿದರು.

ಆವತ್ತಿನಿಂದ ನಮ್ಮ ಲೇಬಲ್ಲುಗಳ ಪದ್ಧತಿಯೇ ಬದಲಾಯಿತು. ಹಿಂದೆ ವಸ್ತು ಕೊಟ್ಟವರ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಕೂರಿಗೆ ಕೆತ್ತಿದವರು ಯಾರು, ಈ ಮೊರ ಹೆಣೆದವರು ಯಾರು, ಕಾಳು ತುಂಬುವ ಈ ವಾಡೆಯನ್ನು ಸುಟ್ಟ ಕುಂಬಾರರು ಯಾವ ಊರಿನವರು? ಕೆಲವರು ಗೊತ್ತಿಲ್ಲ ಎಂದರು, ಕೆಲವರು ಯಾಕೆ ಎಂದರು. ಬಹಳ ಮಂದಿ ಒಳಗಿನ ಮುದುಕಿಯರನ್ನು ಕೂಗಿದರು, ಹೆಸರುಗಳು ಹೆಚ್ಚಾಗಿ ಅಡುಗೆಮನೆಯಿಂದಲೇ ಬಂದವು. ನಿರ್ದೇಶಕರು ಹೆದರಿದ್ದಂತೆ ಯಾರೂ ವಸ್ತು ವಾಪಸ್ಸು ಕೇಳಲಿಲ್ಲ. ಸಿಗದ ಕಡೆ “ಮಾಡಿದವರ ಹೆಸರು ತಿಳಿದಿಲ್ಲ” ಎಂದು ಬರೆಸಿದೆವು. ಬೋರ್ಡು ಬರೆಯುವವರು ಇಷ್ಟುದ್ದ ಬರೆಸುತ್ತೀರಲ್ಲ ಎಂದು ಗೊಣಗಿದರು.

ಅಪ್ಪನಿಗೆ ನಾನು ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದ ಅಮ್ಮ ಕೈ ನಿಲ್ಲಿಸಿ ಕೇಳಿದರು. ಅಪ್ಪ ಜಗಲಿಯ ಕಂಬಕ್ಕೆ ಒರಗಿದ್ದರು.

“ಆಚಾರಿ ಹೆಸ್ರು, ಸಾಬ್ರು ಹೆಸ್ರು, ನಮ್ಮಪ್ಪನ ಹೆಸ್ರು, ಎಲ್ಲ ಒಂದೇ ಕಡೇನಾ?”

“ಹೂಂನಪ್ಪ. ಗೌಡರದ್ದೂ ಅಲ್ಲೇ. ಅದೇ ಅಕ್ಷರ, ಅದೇ ಅಳತೆ.”

“ನಮ್ದೊಂದನ್ನೇ ಎತ್ತಿ ಪ್ರತ್ಯೇಕ ತೋರ್ಸಲ್ಲ ತಾನೇ?”

“ಇಲ್ಲ. ನೀವು ಬೇಡ ಅಂದರೆ ಈಗಲೂ ಅಜ್ಜನ ಹೆಸರಿನ ಜಾಗ ಖಾಲಿ ಬಿಡ್ತೀನಿ. ಆದರೆ ತಿಳಿದಿಲ್ಲ ಅಂತ ಮಾತ್ರ ನನ್ನ ಕೈಲಿ ಬರೆಯಕ್ಕಾಗಲ್ಲ.”

ಅಪ್ಪ ಒಳಗೆ ಹೋದರು. ಬಂದಾಗ ಕೈಯಲ್ಲಿ ಅವರ ಲೈನ್‌ಮ್ಯಾನ್ ಚೀಲವಿತ್ತು. ಕಟಿಂಗ್ ಪ್ಲೇಯರು, ಟೆಸ್ಟರುಗಳ ನಡುವಿನಿಂದ ಅರ್ಧಚಂದ್ರದ ಬಾಯಿಯ ಒಂದು ಕತ್ತಿ ತೆಗೆದರು. ಅಜ್ಜ ಚರ್ಮ ಕುಯ್ಯುತ್ತಿದ್ದ ರಂಪಿಗೆ. ನಾನು ಚಿಕ್ಕಂದಿನಿಂದ ಅದನ್ನು ಕಂಡಿದ್ದೆ, ಇಲಾಖೆಯವರು ಕೊಟ್ಟದ್ದು ಎಂದುಕೊಂಡಿದ್ದೆ.

“ವೈರಿನ ಸಿಪ್ಪೆ ಸುಲಿಯಕ್ಕೆ ಇದ್ರಂಥದ್ದು ಇನ್ನೊಂದಿಲ್ಲ,” ಎಂದರು, ತಪ್ಪಿಗೆ ಸಿಕ್ಕಿಬಿದ್ದವರಂತೆ. “ಹೊಲೀತೀನಿ. ಆದ್ರೆ ಕಟ್ಟೋನು ನಾನೇ. ಹಗಲೊತ್ತು, ಎಲ್ರ ಮುಂದೆ, ಬಾವಿಕಟ್ಟೆ ಮ್ಯಾಲೆ ನಿಂತು ಕಟ್ತೀನಿ. ಆ ಗೌಡ್ರೂ ಬರ್ಬೇಕು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಈರುಳ್ಳಿ ಹೆಚ್ಚಿದ್ದಕ್ಕೆ ಎಂದರು. ಅವರು ತೊಳೆಯುತ್ತಿದ್ದದ್ದು ಪಾತ್ರೆ.

ಹೊಲಿಗೆ ನಡೆದದ್ದು ಸಂಗ್ರಹಾಲಯದ ಹಜಾರದಲ್ಲಿ, ಅಜ್ಜನ ಹಳೆಯ ಸೊಂಡಿಲನ್ನು ಮುಂದಿಟ್ಟುಕೊಂಡು. ತಂಗಡಿ ಗಿಡದ ಚಕ್ಕೆಯಲ್ಲಿ ಹದ ಮಾಡಿದ ಚರ್ಮವೇ ಬೇಕೆಂದು ಅಪ್ಪ ಪಟ್ಟುಹಿಡಿದಿದ್ದರು. ತರಿಸಿದ್ದರಲ್ಲಿ ಒಂದನ್ನು ಮಡಿಸಿ, ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಬೇಡವೆಂದರು, ಇನ್ನೊಂದನ್ನು ಆರಿಸಿದರು. ನೆನೆಸಿ, ಹಿಂಡಿ, ನೆರಳಿನಲ್ಲಿ ಆರಿಸಿ, ಅರೆಹಸಿ ಇರುವಾಗಲೇ ಕುಯ್ದರು. ಅಂಚುಗಳನ್ನು ಒಂದರ ಮೇಲೊಂದು ಮಡಿಸಿ, ದಾರದ ಬದಲು ಸಣ್ಣ ಚರ್ಮದ ಬಾರಿನಿಂದ ಹೊಲಿದರು. ನೀರು ಕುಡಿದಾಗ ಬಾರು ಉಬ್ಬಿ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆಯಂತೆ. ಬುಡದ ಹತ್ತಿರ ಎರಡು ಸಾಲು ಹೊಲಿಗೆ. ಮೊದಮೊದಲು ಕೈ ತಡವರಿಸಿತು, ಒಂದು ಸಾಲನ್ನು ಪೂರ್ತಿ ಬಿಚ್ಚಿದರು. ಬೆರಳುಗಳಿಗೆ ಹಳೆಯದು ನೆನಪಾದ ಮೇಲೆ ಮಾತು ನಿಲ್ಲಿಸಿದರು. ಮುಗಿದ ಮೇಲೆ ಹರಳೆಣ್ಣೆ ಉಜ್ಜಿ, ನೀರು ತುಂಬಿಸಿ ತೊಲೆಗೆ ನೇತುಹಾಕಿದರು. ಕೆಳಗೆ ಹಾಸಿದ್ದ ಪೇಪರು ಒದ್ದೆಯಾಗಲಿಲ್ಲ.

ನೀರೆತ್ತುವ ದಿನ ಬಿಸಿಲು ಚೆನ್ನಾಗಿತ್ತು. ಅಪ್ಪ ಬಿಳಿ ಶರಟು ತೊಟ್ಟು, ಬಿಳಿ ಪಂಚೆ ಉಟ್ಟು ಅಮ್ಮನ ಜೊತೆ ಬಂದರು. ವಸ್ತು ಕೊಟ್ಟವರು, ಮಾಡಿದವರ ಮಕ್ಕಳು ಮೊಮ್ಮಕ್ಕಳು ಹಿತ್ತಲಿನ ತುಂಬ ನಿಂತಿದ್ದರು. ಗೌಡರು ಕಾರಿನಿಂದ ಇಳಿದು, ಹಜಾರದಲ್ಲಿ ಕಪಿಲೆಯ ಲೇಬಲ್ಲಿನ ಮುಂದೆ ನಿಂತು, ಕನ್ನಡಕ ಏರಿಸಿ ಒಂದೊಂದೇ ಹೆಸರನ್ನು ತುಟಿಯಲ್ಲಿ ಓದಿಕೊಂಡರು. ಬಾವಿಕಟ್ಟೆಯ ಮೆಟ್ಟಿಲು ಹತ್ತಲು ಮಂಡಿ ಬಿಡದೆಂದು, ಹಿತ್ತಲಿನ ಅಂಚಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅದೂ ಹೊಂಗೆ ಮರವೇ. ಬೇಕೆಂದು ಯಾರೂ ಮಾಡಿದ್ದಲ್ಲ, ಹಿತ್ತಲಿನಲ್ಲಿ ನೆರಳಿದ್ದದ್ದೇ ಅಲ್ಲಿ.

ಅಪ್ಪ ಚಪ್ಪಲಿ ಬಿಟ್ಟು ಬಾವಿಕಟ್ಟೆ ಹತ್ತಿದರು. ಬಾನೆಯ ಬುಡಕ್ಕೆ ಸೊಂಡಿಲನ್ನು ಸಿಕ್ಕಿಸಿ ಬಿಗಿದರು, ಅದರ ಬಾಯಿಗೆ ಸಣ್ಣ ಹಗ್ಗ ಕಟ್ಟಿದರು. ಬಸ್ತಿಹಳ್ಳಿಯ ಜೋಡಿ ಹಿಂದಕ್ಕೆ ನಡೆಯುವುದಿಲ್ಲವೆಂದು, ಪ್ರತಿ ಸಲ ಹಗ್ಗ ಬಿಚ್ಚಿ ಎತ್ತುಗಳನ್ನು ಸುತ್ತು ಹಾಕಿಸಿ ಮೇಲೆ ತರುವುದೆಂದು ಏರ್ಪಾಡಾಗಿತ್ತು. ಮೊದಲ ಎಳೆತಕ್ಕೆ ಬಾನೆ ಮೇಲೆ ಬಂತು, ನೀರು ಬರಲಿಲ್ಲ. ಸಣ್ಣ ಹಗ್ಗ ಉದ್ದವಾಗಿ, ಸೊಂಡಿಲಿನ ಬಾಯಿ ಜೋತುಬಿದ್ದು, ದಾರಿಯಲ್ಲೇ ಎಲ್ಲ ಬಾವಿಗೆ ಸುರಿದುಹೋಗಿತ್ತು. ಜನ ಗುಜುಗುಜು ಎಂದರು. ನಿರ್ದೇಶಕರು ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಅಪ್ಪ ಯಾರ ಮುಖವನ್ನೂ ನೋಡದೆ, ಕಂಬ ಹತ್ತಿ ತಂತಿ ಸರಿಮಾಡುವ ಲೈನ್‌ಮ್ಯಾನಿನ ನಿಧಾನದಲ್ಲಿ ಹಗ್ಗವನ್ನು ಒಂದು ಮೊಳ ಗಿಡ್ಡ ಮಾಡಿ ಕಟ್ಟಿ ಕೈಬೀಸಿದರು.

ಎತ್ತುಗಳು ಇಳಿಜಾರಿಗೆ ಇಳಿದವು. ಗಾಲಿ ಕಿರುಗುಟ್ಟಿತು. ಬಾನೆ ತುಂಬಿಕೊಂಡು ಮೇಲೇರಿತು, ಸೊಂಡಿಲು ಸರಿದು ತೊಟ್ಟಿಯ ಕಡೆ ಬಾಯಿ ಚಾಚಿತು, ನೀರು ಧೋ ಎಂದು ಬಿತ್ತು. ಜನ ಹೋ ಎಂದರು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಹಿಡಿದರು. ಅಪ್ಪ ಮಾತ್ರ ನೀರಿನ ಕಡೆ ನೋಡಲಿಲ್ಲ. ಬಗ್ಗಿ ಹೊಲಿಗೆಯ ಅಡಿಗೆ ಅಂಗೈ ಹಿಡಿದು ಸವರುತ್ತಿದ್ದರು.

ಆಗ ಮರದ ಕೆಳಗಿಂದ ಗೌಡರು ಕೂಗಿದರು: “ಸೋರ್ತೈತೇನಪ್ಪಾ?”

ಅಪ್ಪನ ಕೈ ನಿಂತಿತು. ಅವರು ನಿಧಾನಕ್ಕೆ ನೆಟ್ಟಗಾಗಿ, ಹೊಂಗೆ ಮರದ ಕಡೆ ತಿರುಗಿ, ಅಲ್ಲಿ ಕೂತ ಮುದುಕರನ್ನು ಸ್ವಲ್ಪ ಹೊತ್ತು ನೋಡಿದರು. ಏನು ಹೇಳಿಬಿಡುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ಏನು ಹೇಳಿದ್ದರೂ ಅದು ನ್ಯಾಯವೇ ಆಗುತ್ತಿತ್ತು.

“ಅಲ್ಲಿಂದ ಕೂಗಿ ಕೇಳಿದ್ರೆ ಹೆಂಗೆ ಗೊತ್ತಾಯ್ತದೆ ಗೌಡ್ರೇ?” ಎಂದರು ಅಪ್ಪ. “ಮ್ಯಾಲಕ್ಕೆ ಬನ್ನಿ. ಬಂದು ನೀವೇ ನೋಡಿ.”

ಗೌಡರು ಕೋಲೂರಿ ಎದ್ದರು. ಹಿತ್ತಲು ದಾಟಿ ಮೆಟ್ಟಿಲವರೆಗೆ ಬಂದು ನಿಂತರು. ಅಪ್ಪ ಒದ್ದೆ ಕೈಯನ್ನು ಹೆಗಲ ಟವೆಲ್ಲಿಗೆ ಒರೆಸಿಕೊಂಡು ಕೆಳಕ್ಕೆ ಚಾಚಿದರು. ಗೌಡರು ಅದನ್ನು ಹಿಡಿದುಕೊಂಡು, ಮಂಡಿ ನೋವಿಗೆ ಮುಖ ಕಿವುಚುತ್ತಾ, ಒಂದೊಂದೇ ಮೆಟ್ಟಿಲು ಹತ್ತಿದರು. ಇಬ್ಬರೂ ಬಗ್ಗಿ ಸೊಂಡಿಲಿನ ಅಡಿ ನೋಡಿದರು.

“ಒಂದು ತೊಟ್ಟೂ ಇಲ್ಲ,” ಎಂದರು ಗೌಡರು. ಹೊಲಿಗೆಯ ಮೇಲೆ ಬೆರಳಾಡಿಸಿದರು. “ಕರಿಯಯ್ಯಂದೇ ಕೈ ಕಣಪ್ಪ ಇದು.”